ಒಂದು ಬಾಟಲಿ ರಕ್ತ, 64 ದಿನಗಳ ಸೆರೆ

ಅದು 1989ರ ಫೆಬ್ರುವರಿ. ಗೋವಾದ ಯುವಕ ಡೊಮಿನಿಕ್ ಡಿಸೋಜ ಅವರನ್ನು ಪೊಲೀಸರು ಕರೆದೊಯ್ದರು. ಅವರು ಕದ್ದಿರಲಿಲ್ಲ, ಯಾರನ್ನೂ ಹೊಡೆದಿರಲಿಲ್ಲ. ಆಗಾಗ ರಕ್ತದಾನ ಮಾಡುತ್ತಿದ್ದರು, ಅಷ್ಟೆ. ಹಾಗೆ ಕೊಟ್ಟ ರಕ್ತವನ್ನು ಪರೀಕ್ಷಿಸಿದಾಗ ಏಡ್ಸ್ ತರುವ ಎಚ್‌ಐವಿ ಸೋಂಕು ಪತ್ತೆಯಾಗಿತ್ತು. ಬಳಕೆ ತಪ್ಪಿದ್ದ ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ ಅವರನ್ನು ಕಾವಲಿಟ್ಟು 64 ದಿನ ಕೂಡಿಹಾಕಲಾಯಿತು.

ಇದು ಯಾವುದೋ ಅಧಿಕಾರಿಯ ದರ್ಪವಲ್ಲ. ಸೋಂಕಿತರನ್ನು ಪ್ರತ್ಯೇಕವಾಗಿ ಇಡಲೇಬೇಕೆಂದು ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯೇ ಹೇಳುತ್ತಿತ್ತು. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನ ಲೈಂಗಿಕ ಕಾರ್ಯಕರ್ತೆಯರಲ್ಲಿ. ಹೀಗಾಗಿ ಇದು 'ನಡತೆಗೆಟ್ಟವರ ಕಾಯಿಲೆ' ಎಂದು ಸಮಾಜ ತೀರ್ಮಾನಿಸಿಬಿಟ್ಟಿತು. ಭಯಕ್ಕೆ ನೀತಿಯ ಬಣ್ಣವೂ ಸೇರಿತು.

ರೋಗಿಗಳನ್ನು ದೂರವಿಡುವುದು ಹಳೆಯ ಉಪಾಯ, ಕೆಟ್ಟದ್ದೇನೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಇಲಿ ಮತ್ತು ಅದರ ಮೈಮೇಲಿನ ಚಿಗಟಗಳಿಂದ ದೂರವಾದರೆ ಪ್ಲೇಗಿನಿಂದಲೂ ದೂರವಾದಂತೆ. ಕ್ಷಯರೋಗಿ ಕೆಮ್ಮಿದಾಗ ರೋಗಾಣು ಗಾಳಿಯಲ್ಲಿ ತೇಲುತ್ತದೆ. ಅಲ್ಲಿಯೂ ಸ್ವಲ್ಪ ಕಾಲ ಅಂತರ ಬೇಕು. ಆದರೆ ಎಚ್‌ಐವಿ ಹರಡುವುದು ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತ ಹಾಗೂ ಸೂಜಿಯಿಂದ, ತಾಯಿಯಿಂದ ಮಗುವಿಗೆ. ಕೈ ಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಅದು ಬರುವುದಿಲ್ಲ. ಹಾಗಿದ್ದ ಮೇಲೆ ಗೋವಾದ ಆ ಗೋಡೆಗಳು ತಡೆದದ್ದಾದರೂ ಏನನ್ನು?

ಇನ್ನೊಂದು ವಿಷಯ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ರಕ್ತಪರೀಕ್ಷೆಯಲ್ಲಿ ಅದು ಕಾಣದಿರಬಹುದು. ಸಿಕ್ಕಿಬಿದ್ದವರನ್ನಷ್ಟೇ ಕೂಡಿಹಾಕಿ ಊರು ಸುರಕ್ಷಿತ ಎಂದುಕೊಂಡರೆ ಅದು ಭ್ರಮೆ. ಪರೀಕ್ಷೆಗೆ ಹೋದರೆ ಸೆರೆ ಎಂದಾದರೆ ಪರೀಕ್ಷೆಗೆ ಹೋಗುವವರಾದರೂ ಯಾರು?

ಡೊಮಿನಿಕ್ ಅವರ ತಾಯಿ ಲೂಸಿ ಡಿಸೋಜ ಬಾಂಬೆ ಹೈಕೋರ್ಟಿನ ಪಣಜಿ ಪೀಠದ ಮೊರೆಹೊಕ್ಕರು. ಮಗ ಮನೆಗೆ ಮರಳಿದ. ಕಾಯ್ದೆಯ 'ಇಡಲೇಬೇಕು' ಎಂಬ ಮಾತು 'ಇಡಬಹುದು' ಎಂದಾಯಿತು. ಆದರೆ 1989ರ ಡಿಸೆಂಬರಿನಲ್ಲಿ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ವ್ಯಕ್ತಿಯ ಹಕ್ಕಿಗೂ ಸಾರ್ವಜನಿಕ ಹಿತಕ್ಕೂ ಘರ್ಷಣೆಯಾದರೆ ವ್ಯಕ್ತಿಯೇ ಮಣಿಯಬೇಕು ಎಂಬುದು ಅದರ ನಿಲುವು. ಮಾತು ಸರಿಯೇ. ಆದರೆ ಈ ಸೆರೆಯಿಂದ ಸಾರ್ವಜನಿಕ ಹಿತ ನಿಜಕ್ಕೂ ಸಾಧಿಸುತ್ತದೆಯೇ ಎಂಬ ಪ್ರಶ್ನೆ ಮೊದಲು ಬರಬೇಕಿತ್ತು.

ಎಲ್ಲ ಪ್ರಕರಣಗಳೂ ಇಷ್ಟು ಸರಳವಲ್ಲ. ಒಬ್ಬ ವೈದ್ಯರಿಗೆ ಎಚ್‌ಐವಿ ಇರುವ ಸಂಗತಿ ಆಸ್ಪತ್ರೆಯಿಂದ ಹೊರಬಿದ್ದು ಅವರ ಮದುವೆ ಮುರಿದುಬಿತ್ತು. ಗುಟ್ಟು ಕಾಯಬೇಕಾದ ಆಸ್ಪತ್ರೆಯೇ ರಟ್ಟು ಮಾಡಿತು ಎಂಬುದು ಅವರ ದೂರು. ಹುಡುಗಿಯ ಆರೋಗ್ಯಕ್ಕೂ ಬೆಲೆಯಿಲ್ಲವೇ ಎಂದಿತು ಸುಪ್ರೀಂ ಕೋರ್ಟ್, 1998ರಲ್ಲಿ. ಹೆಣ್ಣು ಹೆತ್ತವರಿಗೆ ಇದು ಚೆನ್ನಾಗಿ ಅರ್ಥವಾದೀತು. ಆದರೆ ನ್ಯಾಯಾಲಯ ಅಲ್ಲಿಗೆ ನಿಲ್ಲಲಿಲ್ಲ. ಎರಡು ಹಕ್ಕುಗಳು ಎದುರಾದಾಗ ಸಾರ್ವಜನಿಕ ನೈತಿಕತೆಗೆ ಪೂರಕವಾದುದೇ ಗೆಲ್ಲಬೇಕು ಎಂದಿತು. ಸೋಂಕಿತರ ಮದುವೆಯ ಹಕ್ಕೇ ಅಮಾನತಿನಲ್ಲಿದೆ ಎಂದೂ ಸೇರಿಸಿತು. ಎಲ್ಲವನ್ನೂ ತಿಳಿದೇ ಒಪ್ಪಿದ ಸಂಗಾತಿ ಇದ್ದರೆ? ಮದುವೆಯ ಹಕ್ಕಿನ ಕುರಿತ ಆ ಮಾತುಗಳು ಅನಗತ್ಯವಾಗಿದ್ದವೆಂದು 2002ರಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಬೇಕಾಯಿತು.

ಇದಕ್ಕೊಂದು ದಾರಿ ತೋರಿಸಿದ್ದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಇದರ ಪ್ರಕಾರ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಶಾಲೆಗೆ ಸೇರಿಸಿಕೊಳ್ಳದೆ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಪಕ್ಕದ ಬೆಂಚಿನ ಮಗುವಿನ ಬಗ್ಗೆ ದೂರು ಒಯ್ಯುವ ಪಾಲಕರು ಇದನ್ನು ಗಮನಿಸಬೇಕು. ಹಾಗೆಂದು ಸಂಗಾತಿಯನ್ನು ಕತ್ತಲಲ್ಲಿಡಲೂ ಕಾಯ್ದೆ ಬಿಡುವುದಿಲ್ಲ. ಸಂಗಾತಿಗೆ ಗಣನೀಯ ಅಪಾಯವಿದ್ದು, ತಿಳಿಹೇಳಿದರೂ ರೋಗಿ ಬಾಯಿಬಿಡುವುದಿಲ್ಲ ಎನಿಸಿದರೆ, ರೋಗಿಗೆ ಮೊದಲೇ ತಿಳಿಸಿ ವೈದ್ಯರು ಸಂಗಾತಿಗೆ ಹೇಳಬಹುದು. ಹೇಳಿದರೆ ಹೆಂಗಸಿಗೆ ಹೊಡೆತ ಬೀಳಬಹುದು, ಗಂಡ ಬಿಟ್ಟುಹೋಗಬಹುದು ಎಂಬ ಆತಂಕವಿದ್ದರೆ ಅದಕ್ಕೂ ವಿನಾಯಿತಿ ಇದೆ.

ಕಾಯ್ದೆ ಬರುವ ಮೊದಲೇ ಔಷಧ ಬಂದಿತ್ತು. ಸರ್ಕಾರದ ಉಚಿತ ಚಿಕಿತ್ಸೆ 2004ರ ಏಪ್ರಿಲ್‌ನಲ್ಲಿ, ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಮೊದಲು ಆರಂಭವಾಯಿತು. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿದ ಸ್ಥಿತಿಯನ್ನು ಕಾಯ್ದುಕೊಂಡವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ ಎಂಬುದು ಈಗ ಸಿದ್ಧವಾಗಿದೆ.

ಡೊಮಿನಿಕ್ ಅಷ್ಟು ಕಾಲ ಉಳಿಯಲಿಲ್ಲ. ತಮ್ಮಂಥವರಿಗಾಗಿ 'ಪಾಸಿಟಿವ್ ಪೀಪಲ್' ಎಂಬ ಸಂಸ್ಥೆಗೆ ಅಡಿಪಾಯ ಹಾಕಿ, 1992ರಲ್ಲಿ ತೀರಿಕೊಂಡರು.