ಮೀಟರಿನ 2.4, ಗಡಿಯಾರದ 2.40

ಮಲಪ್ರಭೆಯ ದಂಡೆಯ ಶಿವಯೋಗ ಮಂದಿರದ ಸುತ್ತಿನ ಹೊಲಗಳಲ್ಲಾಗಲಿ, ಅತ್ತ ಹುನಗುಂದ, ಇಳಕಲ್ಲಿನ ಎರೆಭೂಮಿಯಲ್ಲಾಗಲಿ, ಜೆಸಿಬಿ ಬಾಡಿಗೆ ನಡೆಯುವುದು ತಾಸಿನ ಲೆಕ್ಕದಲ್ಲಿ. ಬದು ಹಾಕಿಸುವವರು, ಕೃಷಿಹೊಂಡ ತೆಗೆಸುವವರು ಕೆಲಸ ಶುರುವಾಗುವಾಗ ಒಮ್ಮೆ, ಮುಗಿದಾಗ ಒಮ್ಮೆ ಅವರ್ ಮೀಟರ್ ನೋಡಿಕೊಳ್ಳುತ್ತಾರೆ. ಮೊದಲು 1846.3 ಇದ್ದದ್ದು ಕೊನೆಗೆ 1848.7 ಆಗಿದ್ದರೆ 2.4 ತಾಸಿನ ಕೆಲಸ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ 2.4 ಎಂದರೆ ಎರಡು ತಾಸು ನಲವತ್ತು ನಿಮಿಷ ಎಂದು ಯಾರಾದರೂ ಓದಿದರೆ ಲೆಕ್ಕ ಕೆಟ್ಟಿತು. ಅದು ಎರಡು ತಾಸು ಇಪ್ಪತ್ನಾಲ್ಕು ನಿಮಿಷ.

ತಾಸಿಗೆ 1,200 ರೂಪಾಯಿ ಎಂದಿಟ್ಟುಕೊಳ್ಳೋಣ. 2.4 ತಾಸಿಗೆ 2,880 ರೂಪಾಯಿ; 2 ತಾಸು 40 ನಿಮಿಷಕ್ಕೆ 3,200. ಒಂದು ಚುಕ್ಕಿಯನ್ನು ತಪ್ಪಾಗಿ ಓದಿದ್ದಕ್ಕೆ ರೈತನ ಕೈಯಿಂದ 320 ರೂಪಾಯಿ ಹೆಚ್ಚು ಹೋಗುತ್ತದೆ. ಇದೇ ತಪ್ಪು ತಿರುಗಿಯೂ ಹೊಡೆಯುತ್ತದೆ. ಕೈಗಡಿಯಾರ ನೋಡಿ 2 ತಾಸು 40 ನಿಮಿಷ ಎಂದು ಬರೆದುಕೊಂಡವರು ಮೊಬೈಲಿನಲ್ಲಿ 2.40 ಒತ್ತಿ ಗುಣಿಸಿದರೆ, ಅಷ್ಟೇ ಹಣ ಜೆಸಿಬಿಯ ಮಾಲೀಕನಿಗೆ ಖೋತಾ.

ಮೀಟರಿನ ಒಳಗೆ ಅಂಕಿಯ ಚಕ್ರಗಳು ಸಾಲಾಗಿ ಕೂತಿರುತ್ತವೆ. ಪ್ರತಿಯೊಂದರ ಮೇಲೂ 0ಯಿಂದ 9ರವರೆಗೆ ಅಂಕಿಗಳು. ಬಲತುದಿಯ ಚಕ್ರ ಒಂದು ಸುತ್ತು ಮುಗಿಸಿದಾಗ ಪಕ್ಕದ ಚಕ್ರ ಒಂದು ಅಂಕಿ ಮುಂದಕ್ಕೆ ಸರಿಯುತ್ತದೆ. ಈ ಬಲತುದಿಯ ಚಕ್ರ, ಹಲವು ಮೀಟರುಗಳಲ್ಲಿ ಬೇರೆ ಬಣ್ಣದ್ದು, ತಾಸನ್ನು ಹತ್ತು ಪಾಲು ಮಾಡುತ್ತದೆ. ಒಂದು ಪಾಲಿಗೆ 6 ನಿಮಿಷ. ಕೊನೆಯ ಅಂಕಿಯನ್ನು ಆರರಿಂದ ಗುಣಿಸಿದರೆ ನಿಮಿಷ ಸಿಕ್ಕಿತು: .3 ಅಂದರೆ 18, .5 ಅಂದರೆ 30, .9 ಅಂದರೆ 54. ಈಗಿನ ಮೀಟರುಗಳಲ್ಲಿ ಚಕ್ರದ ಬದಲು ಪರದೆ ಬಂದಿದೆ. ಚುಕ್ಕಿಯ ಮುಂದೆ ಒಂದೇ ಅಂಕಿ ಇದ್ದರೆ ಅಲ್ಲಿಯೂ ಇದೇ ಲೆಕ್ಕ.

ಹಳೆಯ ಟ್ರ್ಯಾಕ್ಟರುಗಳ ವಿಷಯದಲ್ಲಿ ಇನ್ನೊಂದು ಸಂಗತಿ ತಿಳಿದಿರಬೇಕು. ಅವುಗಳಲ್ಲಿ ಹಲವುಗಳ ಮೀಟರ್ ಹೊತ್ತನ್ನು ಎಣಿಸುವುದೇ ಇಲ್ಲ, ಎಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆ. ನಿಮಿಷಕ್ಕೆ 2,000 ಸುತ್ತಿಗೆ ಹೊಂದಿಸಿದ ಮೀಟರ್ ಇದ್ದು, ಎಂಜಿನ್ 1,000 ಸುತ್ತಿನಲ್ಲಿ ನಿಧಾನ ಓಡಿದರೆ, ಗೋಡೆಗಡಿಯಾರದ ಒಂದು ತಾಸಿಗೆ ಮೀಟರಿನಲ್ಲಿ ಅರ್ಧ ತಾಸಷ್ಟೇ ಏರುತ್ತದೆ. ಎಂಜಿನ್ ಎಷ್ಟು ಸವೆದಿದೆ, ಆಯಿಲ್ ಯಾವಾಗ ಬದಲಿಸಬೇಕು ಎಂದು ತಿಳಿಯಲು ಮಾಡಿದ ಉಪಕರಣ ಅದು. ಆ ಕೆಲಸಕ್ಕೆ ಸರಿಯಾಗಿದೆ. ಬಾಡಿಗೆಗೆ ಮಾತ್ರ ಗಡಿಯಾರವೇ ಮೇಲು.

ತಾಸಿಗೆ 60 ನಿಮಿಷ ಎಂಬ ಎಣಿಕೆಯ ಬೇರು ಬ್ಯಾಬಿಲೋನಿಯಾದಲ್ಲಿದೆ. ಅರವತ್ತನ್ನು ಎರಡು, ಮೂರು, ನಾಲ್ಕು, ಐದು, ಆರು ಪಾಲು ಮಾಡಿದರೂ ಶೇಷ ಉಳಿಯದು. ಹತ್ತಕ್ಕೆ ಆ ಸೌಕರ್ಯವಿಲ್ಲ. ತಾಸಿನ ಮೂರನೇ ಒಂದು ಪಾಲು ನಿಮಿಷದಲ್ಲಿ ನೇರವಾಗಿ 20, ದಶಾಂಶದಲ್ಲಿ 0.333 ಎಂದು ಮುಗಿಯದೆ ಓಡುತ್ತದೆ.

ನಮ್ಮ ಪಂಚಾಂಗದಲ್ಲೂ ಅರವತ್ತೇ ಇದೆ, ಬೇರೆ ಅಳತೆಯಲ್ಲಿ. ಅಹೋರಾತ್ರಿಗೆ 60 ಗಳಿಗೆ, ಗಳಿಗೆಗೆ 60 ವಿಗಳಿಗೆ. ದಿನದ 1,440 ನಿಮಿಷವನ್ನು 60ರಿಂದ ಭಾಗಿಸಿದರೆ ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಒಂದು ಗಳಿಗೆ ಎಂದು ಹಿಂದೆ ಎಣಿಸುತ್ತಿದ್ದರು. ಜೆಸಿಬಿ ಮೀಟರಿನ .4 ಸರಿಯಾಗಿ ಒಂದು ಗಳಿಗೆ, 2.4 ತಾಸು ಸರಿಯಾಗಿ ಆರು ಗಳಿಗೆ. ನನಗೆ ಈ ಹೊಂದಾಣಿಕೆ ಬಹಳ ಚೆಂದವೆನಿಸುತ್ತದೆ. ಎರಡೂವರೆ ಗಳಿಗೆಗೆ ಒಂದು ತಾಸು ಎಂದು ತಿಳಿದ ಹಿರಿಯರಿಗೆ ಈ ಮೀಟರ್ ಓದುವುದು ಕಷ್ಟವೇ ಅಲ್ಲ.

ಪಂಚಾಂಗದಲ್ಲಿ ತಿಥಿಯ ಮುಂದೆ 17 ಗಳಿಗೆ 30 ವಿಗಳಿಗೆ ಎಂದಿದ್ದರೆ ಅದು ಸೂರ್ಯೋದಯದಿಂದ ಎಣಿಸಿದ್ದು. 17ನ್ನು 24ರಿಂದ ಗುಣಿಸಿದರೆ 408, ಅರ್ಧ ಗಳಿಗೆಯ 12 ಸೇರಿ 420 ನಿಮಿಷ, ಅಂದರೆ 7 ತಾಸು. ಆ ದಿನ 6.20ಕ್ಕೆ ಹೊತ್ತು ಮೂಡಿದ್ದರೆ ತಿಥಿ ಮುಗಿಯುವುದು ಮಧ್ಯಾಹ್ನ 1.20ಕ್ಕೆ.

ಸೂರ್ಯನ ಹೊತ್ತೂ ಗಡಿಯಾರದ ಹೊತ್ತೂ ಒಂದೇ ಅಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಶಿವಯೋಗ ಮಂದಿರವನ್ನು ಸ್ಥಾಪಿಸಿದ್ದು 1909ರಲ್ಲಿ. ಅದಕ್ಕೆ ಮೂರೇ ವರ್ಷ ಮೊದಲು, 1906ರ ಜನವರಿ 1ರಂದು, ಭಾರತದ ಪ್ರಮಾಣಿತ ಸಮಯ ಜಾರಿಗೆ ಬಂದಿತ್ತು. ಮಂದಿರದಲ್ಲಿ ಹೊತ್ತು ಹೊತ್ತಿನ ಲಿಂಗಪೂಜೆಗೆ ಸೂರ್ಯ ಬೇಕು. ಗೋಡೆಯ ಗಡಿಯಾರವೋ ದೂರದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ್ದು. ಮಂದಿರವಿರುವ ಬಾದಾಮಿ ಸೀಮೆ ಅದಕ್ಕಿಂತ ಸುಮಾರು ಆರೂಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿದೆ. 1,440 ನಿಮಿಷದಲ್ಲಿ ಭೂಮಿ 360 ಡಿಗ್ರಿ ತಿರುಗುವುದರಿಂದ ಡಿಗ್ರಿಗೆ 4 ನಿಮಿಷ. ಹೀಗಾಗಿ ಇಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಸರಾಸರಿ 12.27ಕ್ಕೆ. ಭೂಮಿಯ ಓಲು ಮತ್ತು ಅಂಡಾಕಾರದ ಕಕ್ಷೆಯಿಂದಾಗಿ ಇದು ನವೆಂಬರ್ ಮೊದಲ ವಾರದಲ್ಲಿ 12.11ರ ಹೊತ್ತಿಗೂ, ಫೆಬ್ರುವರಿ ನಡುವೆ 12.41ರ ಹೊತ್ತಿಗೂ ಸರಿಯುತ್ತದೆ.

ಮತ್ತೆ ಹೊಲಕ್ಕೆ ಬಂದರೆ, ನಿಮಿಷದ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುವುದು ನೀರು ಹಾಯಿಸುವಾಗ. ಪಂಪಿನ ನೀರಿಗೆ 20 ಲೀಟರಿನ ಕ್ಯಾನ್ ಹಿಡಿದಾಗ 6 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 200 ಲೀಟರ್. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ಮೂರು ಫೇಸ್ ಕರೆಂಟು ಬಂದರೆ 420 ನಿಮಿಷ, 84,000 ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಲು ಸುಮಾರು 1,02,800 ಲೀಟರ್ ಬೇಕು, ಅಂದರೆ 514 ನಿಮಿಷ. ಉಳಿದ 94 ನಿಮಿಷ ಮರುದಿನಕ್ಕೆ. ಈ 94ನ್ನು ಮೊಬೈಲಿನಲ್ಲಿ 60ರಿಂದ ಭಾಗಿಸಿದರೆ 1.57 ಎಂದು ಬರುತ್ತದೆ. ಅದನ್ನು ಒಂದು ತಾಸು 57 ನಿಮಿಷ ಎಂದು ಓದಿದರೆ ಪಂಪ್ 23 ನಿಮಿಷ ಹೆಚ್ಚು ಓಡುತ್ತದೆ, ಬೋರಿನಿಂದ 4,600 ಲೀಟರ್ ನೀರು ಸುಮ್ಮನೆ ಹೊರಬೀಳುತ್ತದೆ.