ಅಲೆ ಘಟ್ಟದ ಕೆಳಗೆ, ದ್ರಾಕ್ಷಿ ಘಟ್ಟದ ಮೇಲೆ: ಚೆಂಬೂರಿನಿಂದ ಒಂದು ಜನವರಿ ರಜೆಯ ಲೆಕ್ಕ

ವಿಡಿಯೋದಲ್ಲಿ ಮ್ಯಾಪ್ ತೋರಿಸ್ತಾ ಗಡಿಬಿಡಿಯಲ್ಲಿ ಹೇಳಿದ್ದನ್ನ ಇಲ್ಲಿ ಸಮಾಧಾನವಾಗಿ ಬರೆದಿದ್ದೀನಿ. ಕೆಲವು ಕಡೆ ಅಲ್ಲಿ ಹೇಳದೇ ಇದ್ದದ್ದೂ ಸೇರಿದೆ.

ಮೊದಲು ನನ್ನ ಬಗ್ಗೆ ಒಂದು ಮಾತು, ಯಾಕಂದ್ರೆ ಇದು ಲೆಕ್ಕಕ್ಕೆ ಬರುತ್ತೆ. ನಾನು ದಾವಣಗೆರೆ ಕಡೆಯವನು. ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡಿದೆ. ಹಾಸ್ಟೆಲ್‌ನಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ ಸಮುದ್ರ. ಎರಡು ವರ್ಷ ಪ್ರತಿ ಸಂಜೆ ಅದನ್ನ ನೋಡ್ತಾ ಕೂತಿದ್ದೀನಿ, ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದಿಲ್ಲ. ಬಯಲುಸೀಮೆಯವರಿಗೆ ಸಮುದ್ರ ಅಂದ್ರೆ ದೊಡ್ಡ ಕೆರೆ, ಅಷ್ಟೇ. ಕೆರೆಯ ನೀರು ಎಳೆಯೋದಿಲ್ಲ, ಸಮುದ್ರ ಎಳೆಯುತ್ತೆ ಅನ್ನೋದು ನನಗೆ ತಿಳಿದದ್ದು ಚೆಂಬೂರಿಗೆ ಬಂದು, ಮದುವೆಯಾಗಿ, ಮಗಳು ಹುಟ್ಟಿ ಎಂಟು ವರ್ಷ ಆದಮೇಲೆ.

ಎರಡು ವರ್ಷದ ಹಿಂದೆ ಸರ್ಫಿಂಗ್ ಸ್ಪರ್ಧೆಯ ಕ್ಲಿಪ್‌ಗಳನ್ನ ನೋಡಿ ಮಗಳು ಹಟ ಹಿಡಿದಳು. ಆ ಸ್ಪರ್ಧೆ ನಡೆದದ್ದು ಮೇ ಕೊನೆಯಲ್ಲಿ. ನಾನೂ ಮೇ ಕೊನೆಯ ವಾರಕ್ಕೇ ರಜೆ ಹಾಕಿದೆ. ಮುಂಬೈ ಶಾಲೆಗಳು ತೆರೆಯೋದು ಜೂನ್ ಮಧ್ಯಕ್ಕೆ, ಹಾಗಾಗಿ ಎಲ್ಲಾ ಸರಿಯಾಗಿ ಹೊಂದಿಕೊಳ್ತು. ಕರಾವಳಿಯ ಒಂದು ಬೀಚಿನಲ್ಲಿ, ಯಾವ ಶಾಲೆಯೂ ಇಲ್ಲದ, ಯಾರೂ ಕಾಯದ ಕಡೆ, ಬೆಳಿಗ್ಗೆ ಮಗಳ ಕೈ ಹಿಡಿದು ನೀರಿಗಿಳಿದೆ. ಎಡಕ್ಕೂ ಬಲಕ್ಕೂ ಅಲೆ ಒಡೀತಾ ಇತ್ತು. ನಡುವೆ ಒಂದು ಜಾಗ ಮಾತ್ರ ಶಾಂತವಾಗಿತ್ತು. ಬುದ್ಧಿವಂತನ ಹಾಗೆ ಅಲ್ಲಿಗೇ ಹೋದೆ. ಅರ್ಧ ನಿಮಿಷದಲ್ಲಿ ಕಾಲ ಕೆಳಗಿನ ಮರಳು ಹೋಯ್ತು. ದಡದಲ್ಲಿ ಬಲೆ ಬಿಡಿಸ್ತಾ ಇದ್ದವರೊಬ್ಬರು ತುಳುವಿನಲ್ಲಿ ಕೂಗಿದರು. ನನಗೆ ತುಳು ಬರಲ್ಲ, ಆದರೂ ಅರ್ಥ ಆಯ್ತು. ಅವರೇ ಓಡಿ ಬಂದು ಮಗಳನ್ನ ಎತ್ತಿಕೊಂಡರು. ನಾನು ಪಕ್ಕಕ್ಕೆ ಕಾಲು ಸಿಕ್ಕ ಕಡೆ ಹೇಗೋ ನಿಂತೆ. ದಡದಲ್ಲಿ ಕೂತಿದ್ದ ನಮ್ಮಪ್ಪ ಆವತ್ತು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ಶಾಂತವಾದ ಜಾಗವೇ ಸೆಳೆತ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಪ್ಲಾನ್‌ನಲ್ಲಿ ಟಿಕೆಟ್‌ಗಿಂತ ಹೋಟೆಲ್‌ಗಿಂತ ಮುಖ್ಯವಾದದ್ದು ಇದೇ. ಅಲೆಗಳು ದಡಕ್ಕೆ ನೀರು ತಂದು ಸುರೀತಾನೇ ಇರ್ತವೆ. ಆ ನೀರು ವಾಪಸ್ ಹೋಗಬೇಕಲ್ಲ? ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಣ್ಣೆಗಳಿರ್ತವೆ. ಅಲೆ ಒಡೆಯೋದು ಆ ದಿಣ್ಣೆಗಳ ಮೇಲೆ. ದಿಣ್ಣೆಗಳ ನಡುವೆ ಎಲ್ಲಿ ಬಿರುಕಿದೆಯೋ ಅಲ್ಲಿಂದ ನೀರು ನುಗ್ಗಿ ಹೊರಗೆ ಹೋಗುತ್ತೆ. ಅಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯಲ್ಲ, ನೀರು ಕಡುಬಣ್ಣವಾಗಿ, ಶಾಂತವಾಗಿ ಕಾಣುತ್ತೆ. ಹೊಸಬರು ಸುರಕ್ಷಿತ ಅಂತ ಆರಿಸಿಕೊಳ್ಳೋದು ಸರಿಯಾಗಿ ಅದನ್ನೇ. ಸಿಕ್ಕಿಬಿದ್ದರೆ ದಡದ ಕಡೆ ಈಜಬಾರದು. ನೀರಿನ ವೇಗಕ್ಕೆ ಎದುರು ಈಜಿ ಸುಸ್ತಾಗಿಯೇ ಜನ ಮುಳುಗೋದು. ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಬೇಕು. ಸೆಳೆತದ ಪಟ್ಟಿ ಸಾಮಾನ್ಯವಾಗಿ ಅಗಲವಾಗಿರಲ್ಲ. ಅದರಿಂದ ಆಚೆ ಬಂದಮೇಲೆ ಅಲೆಗಳೇ ದಡಕ್ಕೆ ತರ್ತವೆ. ಈಜು ಬರದವರು ಸೊಂಟಕ್ಕಿಂತ ಆಳಕ್ಕೆ ಹೋಗಲೇಬಾರದು. ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಂತೂ ಇಳಿತದ ಹೊತ್ತಿಗೆ ನದಿಯ ನೀರೂ ಸೇರಿ ಎಳೆಯುತ್ತೆ.

ವಾಪಸ್ ಬಂದು ನಮ್ಮ ಬಿಲ್ಡಿಂಗ್ ಕೆಳಗಿನ ಹೋಟೆಲ್ ಯಜಮಾನರಿಗೆ ಇದನ್ನ ಹೇಳಿದೆ. ಮೂಲ್ಕಿ ಕಡೆಯವರು, ಚೆಂಬೂರಿನಲ್ಲಿ ನಲವತ್ತು ವರ್ಷ. "ಸಮುದ್ರಕ್ಕೆ ಬೀಳ್ಲಿಕ್ಕೆ ದುಡ್ಡು ಕೊಟ್ಟು ಹೋಗುದಾ ಮಾರಾಯ್ರೆ?" ಅಂತ ನಕ್ಕರು. ಆಮೇಲೆ ಗಂಭೀರವಾಗಿ, "ಮೇ ಕೊನೆಗೆ ನಮ್ಮೂರಲ್ಲಿ ಮಕ್ಕಳನ್ನ ನೀರಿನ ಹತ್ರ ಬಿಡುದಿಲ್ಲ. ಜನವರಿಯಲ್ಲಿ ಹೋಗಿ" ಅಂದರು. ಆ ಒಂದು ಮಾತಿನಿಂದ ನನ್ನ ಎಕ್ಸೆಲ್ ಶೀಟ್ ಪೂರ್ತಿ ತಿರುಗಿ ಬರೆದೆ.

ಅವರು ಹೇಳಿದ್ದರ ಹಿಂದಿನ ಕಾರಣ ಹೀಗೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದೊಡ್ಡ ಅಲೆ ಬರೋದು ನೈಋತ್ಯ ಮುಂಗಾರಿನ ಗಾಳಿಯಿಂದ. ಮುಂಗಾರು ಹತ್ತಿರ ಬಂದಾಗ ಅಲೆ ಏಳುತ್ತೆ. ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ 2016ರ ಮೇ ಕೊನೆಯಲ್ಲಿ ನಡೆಯಿತು. ಪಳಗಿದವರಿಗೆ ಬೇಕಾದ ಅಲೆ ಆಗ ಸಿಗುತ್ತೆ; ಹೊಸಬರು ಆಗ ಹೋಗಬಾರದು ಅನ್ನೋದಕ್ಕೂ ಅದೇ ಕಾರಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೂ ನಿಷೇಧ. ಆ ನಿಷೇಧಕ್ಕೆ ಮೀನಿನ ಸಂತಾನೋತ್ಪತ್ತಿ ಕಾರಣ ನಿಜ, ಆದ್ರೆ ಬೋಟಿನವರೇ ಇಳಿಯದ ಸಮುದ್ರಕ್ಕೆ ನಾವು ಇಳಿಯೋದೇನು?

ಮಳೆ ಮುಗಿದಮೇಲೆ ಅರಬ್ಬಿ ಸಮುದ್ರ ತಣ್ಣಗಾಗುತ್ತೆ. ಆಗ ಬರೋದು ಬಹಳ ದೂರದ ದಕ್ಷಿಣ ಸಾಗರದಿಂದ ಹೊರಟ ಸಣ್ಣ, ನಿಧಾನದ ಅಲೆಗಳು. ಮೊಣಕಾಲು, ಹೆಚ್ಚೆಂದರೆ ಸೊಂಟದ ಎತ್ತರ. ಕಲಿಯೋರಿಗೆ ಅದೇ ಬೇಕು. ಕ್ಲಾಸ್ ಯಾಕೆ ಬೆಳಿಗ್ಗೆ ಆರೂವರೆ ಏಳಕ್ಕೇ ಇಡ್ತಾರೆ ಅಂತ ನಾನೂ ಗೊಣಗಿದ್ದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಸಮುದ್ರ ಬಿಸಿ ಉಳಿಸಿಕೊಂಡಿರುತ್ತೆ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತೆ, ಅಲೆಯ ಮುಖ ನಯವಾಗಿ ನಿಲ್ಲುತ್ತೆ. ಹನ್ನೊಂದರ ಮೇಲೆ ಗಾಳಿ ತಿರುಗಿದರೆ ಎಲ್ಲಾ ಕಲಸಿಹೋಗುತ್ತೆ. ಇನ್ನೊಂದು ವಿಷಯ: ಮುಂಬೈಯಲ್ಲಿ ಭರತ ಇಳಿತದ ವ್ಯತ್ಯಾಸ ದೊಡ್ಡ ದಿನಗಳಲ್ಲಿ ನಾಲ್ಕು ಮೀಟರ್ ದಾಟುತ್ತೆ, ಮಂಗಳೂರು ಕಡೆ ಒಂದೂವರೆ ಮೀಟರ್ ಆಸುಪಾಸು. ಜುಹೂವಿನಲ್ಲಿ ನೋಡಿ ಕಲಿತ ಅಂದಾಜು ಅಲ್ಲಿ ನಡೆಯಲ್ಲ.

ಈಗ ಜಾಗ. ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯ್ತು. ಶುರು ಮಾಡಿದವರು ಜ್ಯಾಕ್ ಹೆಬ್ನರ್ ಅನ್ನೋ ಅಮೆರಿಕದ ಸನ್ಯಾಸಿ. ಊರೂರಲ್ಲಿ ಸರ್ಫಿಂಗ್ ಸ್ವಾಮಿ ಅಂತಲೇ ಹೆಸರು. ಆಶ್ರಮದಲ್ಲಿ ಜಪ, ಅಲೆಯ ಮೇಲೆ ಹಲಗೆ. ಅದೇ ಮೂಲ್ಕಿಯ ಹುಡುಗಿ ತನ್ವಿ ಜಗದೀಶ್ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್ ಅಪ್ ಪ್ಯಾಡಲ್‌ನಲ್ಲಿ 2016ರಲ್ಲಿ ಫಿಜಿಯ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದರು. ನನ್ನ ಮಗಳಿಗೆ ಈ ಕಥೆ ಹೇಳಿದಮೇಲೆ ಈಜು ಕ್ಲಾಸಿಗೆ ಬೆಳಿಗ್ಗೆ ಎಬ್ಬಿಸೋ ಕೆಲಸ ತಪ್ಪಿತು. ಹೌದು, ಮೊದಲು ಆರು ತಿಂಗಳು ಚೆಂಬೂರಿನಲ್ಲೇ ಈಜು ಕಲಿತೆವು, ಅಪ್ಪ ಮಗಳು ಇಬ್ಬರೂ. ಇದನ್ನ ಪ್ಲಾನ್‌ನ ಮೊದಲನೇ ಸಾಲು ಅಂತ ತಿಳಿದುಕೊಳ್ಳಿ.

ಚೆಂಬೂರಿನವರಿಗೆ ರೈಲು ವರ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಅಂತ ಹೇಳ್ತಾರೆ, ಆದ್ರೆ ಅದು ನಮ್ಮ ತಿಲಕನಗರದ ಹಿತ್ತಲು. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಧ್ಯಾಹ್ನ ಮೂರರ ನಂತರ ಹೊರಟು ಮಾರನೇ ದಿನ ಬೆಳಗಿನ ಹೊತ್ತಿಗೆ ಮೂಲ್ಕಿ ಮುಟ್ಟಿಸುತ್ತೆ. ವಿಮಾನದಲ್ಲಿ ಮಂಗಳೂರಿಗೆ ಹೋಗಬಹುದು, ಆದ್ರೆ ಅಪ್ಪನಿಗೆ ಕೊಂಕಣ ರೈಲ್ವೆಯ ಸುರಂಗ ಸೇತುವೆಗಳೇ ಅರ್ಧ ರಜೆ. ಮುಂಗಡ ಬುಕಿಂಗ್ ಈಗ 120 ದಿನ ಅಲ್ಲ, 2024ರ ನವೆಂಬರ್‌ನಿಂದ 60 ದಿನ.

ಇನ್ನು ವೈನ್. ನನ್ನ ಟೀಮಿನವರು ಎಲ್ಲರೂ ಕೇಳೋದು ಒಂದೇ: "ಬೀಚೂ ಬೇಕು, ವೈನರಿನೂ ಬೇಕು, ಒಂದೇ ಟ್ರಿಪ್‌ನಲ್ಲಿ ಆಗಲ್ವಾ?" ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾದ ವಿಡಿಯೋ ನೋಡಿದ್ದರ ಫಲ ಇದು. ಅಲ್ಲಿ ಬೆಳಿಗ್ಗೆ ಅಲೆ, ಸಂಜೆ ದ್ರಾಕ್ಷಿತೋಟ. ನಮ್ಮಲ್ಲಿ ನಡುವೆ ಸಹ್ಯಾದ್ರಿ ನಿಂತಿದೆ. ಮುಂಗಾರಿನ ಮೋಡ ಘಟ್ಟಕ್ಕೆ ಡಿಕ್ಕಿ ಹೊಡೆದು ಕರಾವಳಿಯಲ್ಲೇ ಸುರಿದುಬಿಡುತ್ತೆ: ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ, ಘಟ್ಟದ ಆಚೆಯ ನಾಸಿಕ್ ಊರಿನಲ್ಲಿ ಅದರ ಕಾಲು ಭಾಗದ ಆಸುಪಾಸು. ಒದ್ದೆ ಗಾಳಿಯಲ್ಲಿ ದ್ರಾಕ್ಷಿಗೆ ಬೂಷ್ಟು ಹಿಡಿಯುತ್ತೆ. ಗೋವಾದಲ್ಲಿ ವೈನ್ ಅಂಗಡಿ ಹೆಜ್ಜೆಗೊಂದಿದೆ, ತೋಟ ನೋಡಬೇಕಂದ್ರೆ ಘಟ್ಟ ಹತ್ತಲೇಬೇಕು.

ಹಾಗಾಗಿ ನಮಗೆ ಸಿಗೋದು ನಾಸಿಕ್. ಚೆಂಬೂರಿನಿಂದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಠಾಣೆ, ಆಮೇಲೆ ಕಸಾರಾ ಘಟ್ಟ. 2025ರ ಜೂನ್‌ನಲ್ಲಿ ಸಮೃದ್ಧಿ ಮಹಾಮಾರ್ಗದ ಕೊನೆಯ ತುಂಡು ಇಗತ್‌ಪುರಿಯಿಂದ ಭಿವಂಡಿ ಹತ್ತಿರದ ಆಮನೆವರೆಗೆ ತೆರೆದಮೇಲೆ ಘಟ್ಟದ ಟ್ರಕ್ ಸಾಲನ್ನ ತಪ್ಪಿಸಿಕೊಳ್ಳಬಹುದು. ಗಂಗಾಪುರ ಅಣೆಕಟ್ಟಿನ ಹತ್ತಿರ ಸುಲಾ, ಯಾರ್ಕ್ ಇವೆ. ಸುಲಾ ಕಟ್ಟಿದ ರಾಜೀವ್ ಸಾಮಂತ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ ಕ್ಯಾಲಿಫೋರ್ನಿಯಾದಲ್ಲಿ ಒರಾಕಲ್ ಕೆಲಸ ಬಿಟ್ಟು ಬಂದವರು. ಮೊದಲ ವೈನ್ ಹೊರಬಂದದ್ದು 2000ದಲ್ಲಿ. ಸೋಮವಾರ ಬೆಳಿಗ್ಗೆಯ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ಈ ಕಥೆ ಯಾರಿಗೆ ನೆನಪಾಗಲ್ಲ ಹೇಳಿ.

ತೋಟದಲ್ಲಿ ನೋಡಬೇಕಾದ ಒಂದು ಸಂಗತಿ ಇದೆ. ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ಬಳ್ಳಿ ಮಲಗಲ್ಲ. ಅದಕ್ಕೆ ರೈತರು ವರ್ಷಕ್ಕೆ ಎರಡು ಸಲ ಕತ್ತರಿಸ್ತಾರೆ: ಏಪ್ರಿಲ್ ಹೊತ್ತಿಗೆ ಕಡ್ಡಿ ಬೆಳೆಯಲಿ ಅಂತ ಒಂದು ಸಲ, ಮಳೆ ಮುಗೀತಾ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಣ್ಣು ಬರಲಿ ಅಂತ ಇನ್ನೊಂದು ಸಲ. ಹಣ್ಣು ಕೊಯ್ಯೋದು ಜನವರಿಯಿಂದ ಮಾರ್ಚ್. ಬೇರೆ ತಿಂಗಳಲ್ಲಿ ಹೋದರೆ ಗ್ಲಾಸಿನಲ್ಲಿ ವೈನ್ ಸಿಗುತ್ತೆ, ಬಳ್ಳಿಯಲ್ಲಿ ಗೊಂಚಲು ಸಿಗಲ್ಲ.

ಅಂದ್ರೆ ಘಟ್ಟದ ಎರಡೂ ಕಡೆಯ ಪಂಚಾಂಗ ಜನವರಿ ಫೆಬ್ರವರಿಯಲ್ಲಿ ಕೂಡುತ್ತೆ. ಆಗಲೇ ಕಂಬಳವೂ. ಮೂಲ್ಕಿಗೆ ಹತ್ತಿರದ ಐಕಳದಲ್ಲೇ 2020ರ ಫೆಬ್ರವರಿಯಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕೆರೆಯನ್ನ 13.62 ಸೆಕೆಂಡಿನಲ್ಲಿ ಓಡಿ ದೇಶವೆಲ್ಲಾ ಮಾತಾಡಿತ್ತು. ಕಂಬಳದ ದಿನಾಂಕ ವರ್ಷವರ್ಷ ಬದಲಾಗುತ್ತೆ, ಆ ಸೀಸನ್ನಿನ ಪಟ್ಟಿ ನೋಡಿ ಟಿಕೆಟ್ ಮಾಡಿ. ಕಟೀಲು ಮೇಳಗಳ ಹರಕೆ ಆಟಗಳೂ ಆಗ ನಡೀತಿರ್ತವೆ, ಟಿಕೆಟ್ ಇಲ್ಲ, ಹೋಗಿ ಕೂರೋದು ಅಷ್ಟೇ.

ನಾನು 2026ರ ಜನವರಿಗೆ ಹಾಕಿದ ಲೆಕ್ಕ: 21, ಬುಧವಾರ ಅರ್ಧ ದಿನ ರಜೆ, ಮಧ್ಯಾಹ್ನದ ರೈಲು. ಗುರುವಾರ, ಶುಕ್ರವಾರ, ಶನಿವಾರ ಮೂರು ಬೆಳಿಗ್ಗೆ ಸರ್ಫಿಂಗ್ ಕ್ಲಾಸ್. ಶನಿವಾರ ಮಧ್ಯಾಹ್ನದ ರೈಲಿಗೆ ವಾಪಸ್, ಭಾನುವಾರ ಚೆಂಬೂರು, ಸೋಮವಾರ 26ಕ್ಕೆ ನಾಸಿಕ್. ಎರಡೂವರೆ ರಜೆಯಲ್ಲಿ ಎಲ್ಲಾ ಮುಗೀತು ಅಂತ ಹೆಂಡತಿಗೆ ತೋರಿಸಿದೆ. ಆಕೆ ಒಂದೇ ಸೆಕೆಂಡ್ ನೋಡಿ, "ಗಣರಾಜ್ಯೋತ್ಸವದ ದಿನ ಯಾವ ವೈನರಿ ರೀ ಗ್ಲಾಸ್ ಕೊಡುತ್ತೆ?" ಅಂದಳು. ಡ್ರೈ ಡೇ! ಎಂ.ಟೆಕ್ ಮಾಡಿ ಏನು ಬಂತು. ಜನವರಿ 30, ಹುತಾತ್ಮರ ದಿನ, ಮಹಾರಾಷ್ಟ್ರದಲ್ಲಿ ಅದೂ ಡ್ರೈ ಡೇ. ಕೊನೆಗೆ ನಾಸಿಕ್ ಅನ್ನ ಫೆಬ್ರವರಿಯ ಒಂದು ಶನಿವಾರಕ್ಕೆ ತಳ್ಳಿದೆವು, ಡ್ರೈವರ್ ಮಾಡಿಕೊಂಡು. ಈಗ ಅನ್ನಿಸುತ್ತೆ, ಹಾಗೆ ಬೇರೆ ಮಾಡಿದ್ದೇ ಸರಿ. ಮದ್ಯ ಮತ್ತು ಸಮುದ್ರ ಒಂದೇ ದಿನದಲ್ಲಿ ಇರಲೇಬಾರದು. ರಾತ್ರಿ ಕುಡಿದು ಬೆಳಿಗ್ಗೆ ಆರೂವರೆಗೆ ನೀರಿಗಿಳಿಯೋದೂ ಅದೇ ಲೆಕ್ಕಕ್ಕೆ ಬರುತ್ತೆ.

ಮೂಲ್ಕಿಯಲ್ಲಿ ಹತ್ತು ಗಂಟೆಗೆ ಕ್ಲಾಸ್ ಮುಗಿದಮೇಲೆ ದಿನವಿಡೀ ಖಾಲಿ. ಹೆದ್ದಾರಿ ಪಕ್ಕದಲ್ಲೇ ಬಪ್ಪನಾಡು ದೇವಸ್ಥಾನ. ಬಪ್ಪ ಬ್ಯಾರಿ ಅನ್ನೋ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ ಅನ್ನೋ ಐತಿಹ್ಯ, ಅಲ್ಲಿನ ದೊಡ್ಡ ಡೋಲು ಎರಡಕ್ಕೂ ಹೆಸರು. ಕಿನ್ನಿಗೋಳಿ ದಾರಿಯಲ್ಲಿ ಕಟೀಲು. ಇನ್ನೊಂದು ದಿನ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ 1432ರ ಗೊಮ್ಮಟ. ಸಣ್ಣ ಮಕ್ಕಳಿದ್ದರೆ ಪಡುಬಿದ್ರಿ ಬೀಚ್. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಕಡೆ. ಕಾಪು ದೀಪಸ್ತಂಭ ಸಂಜೆಗೆ. ಇಷ್ಟನ್ನೂ ಮುಗಿಸಬೇಕಂತಿಲ್ಲ. ನಾವು ಒಂದು ಮಧ್ಯಾಹ್ನ ಬಂಗುಡೆ ಊಟ ಮಾಡಿ ಮಲಗಿದ್ದೇ ಹೆಚ್ಚು.

ಕ್ಲಾಸ್ ಬುಕ್ ಮಾಡುವಾಗ ಮೂರು ಕೇಳಿ: ಒಬ್ಬ ಕೋಚ್‌ಗೆ ಎಷ್ಟು ಜನ, ಕಾಲಿಗೆ ಕಟ್ಟುವ ಹಗ್ಗ ಇರುವ ಮೆತ್ತನೆಯ ಫೋಮ್ ಹಲಗೆ ಕೊಡ್ತಾರಾ, ಜೀವರಕ್ಷಕ ತರಬೇತಿ ಯಾರಿಗಿದೆ. ಮೂರನೇದಕ್ಕೆ ಉತ್ತರ ತಡವರಿಸಿದರೆ ಫೋನ್ ಇಡಿ. ಮೊದಲ ದಿನ ಅರ್ಧ ಗಂಟೆ ಮರಳಿನ ಮೇಲೇ ಮಲಗಿ ಏಳೋದು ಕಲಿಸ್ತಾರೆ. ಆಮೇಲೂ ಒಡೆದ ಅಲೆಯ ನೊರೆಯಲ್ಲೇ, ಸೊಂಟದ ನೀರಿನಲ್ಲೇ ಕಲಿಕೆ.

ಮೂರನೇ ದಿನ ಮಗಳು ಎದ್ದು ನಿಂತಳು, ಎಣಿಸಿ ನಾಲ್ಕು ಸೆಕೆಂಡ್. ನಾನು ನಿಲ್ಲಲಿಲ್ಲ, ಮಂಡಿಯೂರಿದ್ದೇ ಸಾಧನೆ. ಅಪ್ಪ ಲುಂಗಿ ಎತ್ತಿಕಟ್ಟಿ ದಡದಲ್ಲಿ ನಿಂತಿದ್ದರು. ವಾಪಸ್ ಬರುವಾಗ ಆಕೆಯ ಕೈ ಹಿಡಿದು, "ಯಾವ ಜಾಗಕ್ಕೆ ಹೋಗಬಾರದು ತೋರಿಸು" ಅಂದರು. ಅವಳು ಎಡಗಡೆ ಅಲೆ ಒಡೆಯದ ಕಡುಬಣ್ಣದ ಪಟ್ಟಿಯನ್ನ ಬೆರಳು ಮಾಡಿ ತೋರಿಸಿದಳು.

2027ರ ಜನವರಿ 20ರ ರೈಲಿಗೆ 60 ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ 21, ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತೆ. ಅಪ್ಪನಿಗೆ ಲೋವರ್ ಬರ್ತ್.