ನರ್ಸ್ ಪ್ರಾಕ್ಟಿಷನರ್: ಪದವಿ, ನೋಂದಣಿ ಮತ್ತು ಅಧಿಕಾರದ ಮೇರೆ

ಮಂಗಳೂರು, ಉಡುಪಿ, ಬೆಂಗಳೂರುಗಳಲ್ಲಿ ನಾಲ್ಕು ವರ್ಷ ವ್ಯಾಸಂಗ ಮಾಡಿ ಬಿ.ಎಸ್‌ಸಿ. ನರ್ಸಿಂಗ್ ಪದವಿ ಪಡೆದ ಕನ್ನಡದ ಹೆಣ್ಣುಮಕ್ಕಳು ಉದ್ಯೋಗವನ್ನರಸಿ ಮುಂಬಯಿಗೆ ಬರುವುದು ಹೊಸ ಸಂಗತಿಯಲ್ಲ. ಭಾಂಡುಪ್, ಮುಲುಂಡ್ ಪರಿಸರದ ಆಸ್ಪತ್ರೆಗಳಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಯೋಗಕ್ಷೇಮ ವಿಚಾರಿಸುವ ‘ಸಿಸ್ಟರ್’ ಎದುರಾಗುವುದೂ ಅಪರೂಪವಲ್ಲ. ಇಂಥವರಿಗೆ ಈಗ ‘ನರ್ಸ್ ಪ್ರಾಕ್ಟಿಷನರ್’ ಎಂಬ ಮತ್ತೊಂದು ಮೆಟ್ಟಿಲು ದೊರೆತಿದೆ. ಹೆಸರನ್ನು ಕೇಳಿದ ಕೂಡಲೆ, ಈಕೆ ವೈದ್ಯರಂತೆ ಔಷಧ ಬರೆದುಕೊಡಬಲ್ಲಳು ಎಂದು ಬಂಧುಬಳಗದವರು ಭಾವಿಸುವುದು ಸಹಜ. ಆದರೆ ಕಾಯಿದೆಯ ದೃಷ್ಟಿಯಿಂದ ನೋಡಿದರೆ ವಿಷಯ ಅಷ್ಟು ಸರಳವಾಗಿಲ್ಲ.

ಈ ವೃತ್ತಿಯ ಮೂಲ ಅಮೆರಿಕೆಯಲ್ಲಿದೆ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಶುಶ್ರೂಷಕಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ ಇದರ ಮೊದಲ ಶಿಕ್ಷಣಕ್ರಮವನ್ನು ಆರಂಭಿಸಿದರು. ಅಲ್ಲಿ ಇಂದಿಗೂ ಅಧಿಕಾರದ ವ್ಯಾಪ್ತಿ ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿದೆ. ಕೆಲವು ರಾಜ್ಯಗಳಲ್ಲಿ ಆಕೆ ಸ್ವತಂತ್ರವಾಗಿ ಚಿಕಿತ್ಸೆ ನೀಡಬಹುದು; ಬೇರೆ ಕೆಲವೆಡೆ ವೈದ್ಯರೊಡನೆ ಒಪ್ಪಂದ ಮಾಡಿಕೊಂಡೇ ನೀಡಬೇಕು.

ನಮ್ಮ ದೇಶದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು 2016ರಲ್ಲಿ ತೀವ್ರ ನಿಗಾ ಘಟಕದ ಸೇವೆಗಾಗಿ ಎರಡು ವರ್ಷಗಳ ಸ್ನಾತಕೋತ್ತರ ನರ್ಸ್ ಪ್ರಾಕ್ಟಿಷನರ್ ಶಿಕ್ಷಣದ ಪಠ್ಯಕ್ರಮವನ್ನು ರೂಪಿಸಿತು. ಪದವಿಯ ಬಳಿಕ ಕನಿಷ್ಠ ಒಂದು ವರ್ಷ ರೋಗಿಗಳ ಶುಶ್ರೂಷೆಯಲ್ಲಿ ಅನುಭವ ಪಡೆದವರಿಗೆ ಮಾತ್ರ ಇದರಲ್ಲಿ ಪ್ರವೇಶ. ಕಲಿಕೆಯ ಬಹುಪಾಲು ನಡೆಯುವುದು ತರಗತಿಯಲ್ಲಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲಿ. ಅನಂತರ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಪ್ರಸೂತಿ ಸೇವೆಗಾಗಿ 18 ತಿಂಗಳ ತರಬೇತಿಯುಳ್ಳ ಇನ್ನೊಂದು ವರ್ಗವನ್ನು ರೂಪಿಸುವ ಮಾರ್ಗದರ್ಶಿಯನ್ನು ಹೊರಡಿಸಿತು. ಸಹಜ ಹೆರಿಗೆಗಳನ್ನು ನುರಿತ ಸೂಲಗಿತ್ತಿಯರೇ ನಡೆಸಿದರೆ ಅನಾವಶ್ಯಕ ಶಸ್ತ್ರಕ್ರಿಯೆಗಳು ತಗ್ಗುವುವು ಎಂಬುದು ಇದರ ಹಿಂದಿನ ವಿಚಾರ. ನಮ್ಮ ಅಜ್ಜಿಯಂದಿರಿಗೆ ಈ ವಿಚಾರ ಹೊಸದೆನಿಸಲಾರದು.

ಇಲ್ಲಿ ಪದವಿ, ನೋಂದಣಿ, ಅಧಿಕಾರ ಎಂಬ ಮೂರನ್ನು ಬೇರೆಬೇರೆಯಾಗಿ ಗ್ರಹಿಸಬೇಕಾಗುತ್ತದೆ. ಪದವಿಯನ್ನು ಕೊಡುವುದು ವಿಶ್ವವಿದ್ಯಾಲಯ. ನೋಂದಣಿಯನ್ನು ಮಾಡುವುದು ರಾಜ್ಯದ ಪರಿಷತ್ತು. ಕರ್ನಾಟಕದಲ್ಲಿ ಇದಕ್ಕೆ ಆಧಾರವಾಗಿ ಬಂದದ್ದು 1961ರ ಕಾಯಿದೆ. ಮಹಾರಾಷ್ಟ್ರದಲ್ಲಿ 1966ರ ಕಾಯಿದೆ. ಒಂದು ರಾಜ್ಯದಲ್ಲಿ ಪಡೆದ ಮಾನ್ಯ ಅರ್ಹತೆಯು ಬೇರಾವ ರಾಜ್ಯದ ನೋಂದಣಿಗೂ ಸಾಕಾಗುತ್ತದೆ ಎಂದು 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯಿದೆ ವಿಧಿಸಿತು. ಅರ್ಹತೆ ಸಾಕು ಎಂದಮಾತ್ರಕ್ಕೆ ನೋಂದಣಿ ತಾನಾಗಿ ಆಯಿತೆಂದು ಅರ್ಥವಲ್ಲ. ಬೆಂಗಳೂರಿನ ನೋಂದಣಿ ಪತ್ರವನ್ನು ಹಿಡಿದು ಮುಂಬಯಿಯಲ್ಲಿ ಕೆಲಸಕ್ಕೆ ಸೇರುವಾಕೆ ಕರ್ನಾಟಕದ ಪರಿಷತ್ತಿನಿಂದ ನಿರಾಕ್ಷೇಪಣಾ ಪತ್ರವನ್ನು ತರಿಸಿಕೊಂಡು ಮಹಾರಾಷ್ಟ್ರ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ದಾಖಲಿಸಿಕೊಳ್ಳಬೇಕು. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಲೂ ಬೇಕು. ಹೊಸದಾಗಿ ಗಳಿಸಿದ ಸ್ನಾತಕೋತ್ತರ ಅರ್ಹತೆಯನ್ನು ಅದೇ ದಾಖಲೆಯಲ್ಲಿ ಸೇರಿಸಿಕೊಳ್ಳುವುದು ಲೇಸು. ಪದವಿದಾನದ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸುವ ಉತ್ಸಾಹದಲ್ಲಿ ನೋಂದಣಿಯ ಕಾಗದ ಟ್ರಂಕಿನ ತಳ ಸೇರುವುದೇ ಹೆಚ್ಚು.

ಇನ್ನು ಅಧಿಕಾರದ ಮಾತು. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಬೇಗನೆ ಮನದಟ್ಟಾದೀತು. ಶಾಖಾ ವ್ಯವಸ್ಥಾಪಕನಿಗೆ ಸಾಲದ ಶಾಸ್ತ್ರವೆಲ್ಲ ಕರತಲಾಮಲಕವಾಗಿದ್ದರೂ, ಮೇಲಿನ ಕಛೇರಿ ಕೊಟ್ಟ ಮಿತಿಯನ್ನು ಮೀರಿ ಆತ ಒಂದು ರೂಪಾಯಿಯನ್ನೂ ಮಂಜೂರು ಮಾಡುವಂತಿಲ್ಲ. ಆ ಮಿತಿಯೂ ಕುರ್ಚಿಗೆ ಕೊಟ್ಟದ್ದೇ ಹೊರತು ವ್ಯಕ್ತಿಗಲ್ಲ. ನರ್ಸ್ ಪ್ರಾಕ್ಟಿಷನರಳ ಸ್ಥಿತಿಯೂ ಹೀಗೆಯೇ. ಆಸ್ಪತ್ರೆಯ ನಿಯಮಾವಳಿ ಹಾಗೂ ಸ್ಥಾಯೀ ಆದೇಶಗಳಿಗೆ ಅನುಸಾರವಾಗಿ ಆಕೆ ಔಷಧ ಕೊಡಬಹುದು, ಪರೀಕ್ಷೆಗಳನ್ನು ಮಾಡಿಸಬಹುದು ಎನ್ನುತ್ತದೆ ಪಠ್ಯಕ್ರಮ. ಅದರ ಪರಿಣಾಮಕ್ಕೆ ಆಕೆ ಹೊಣೆಯೆಂದೂ ಹೇಳುತ್ತದೆ. ಆದರೆ ಪಠ್ಯಕ್ರಮವೇ ಕಾಯಿದೆಯಲ್ಲ. ನಮ್ಮ ಔಷಧ ನಿಯಮಗಳ ಪ್ರಕಾರ ‘ಎಚ್’ ಅನುಸೂಚಿಯ ಮದ್ದುಗಳನ್ನು ಅಂಗಡಿಯವನು ಮಾರಬೇಕಾದುದು ನೋಂದಾಯಿತ ವೈದ್ಯರ ಚೀಟಿಯ ಮೇಲೆ. ಹೆಚ್ಚಿನ ಜೀವಪ್ರತಿರೋಧಕಗಳು, ಅಂದರೆ ಆಂಟಿಬಯೋಟಿಕ್‌ಗಳು, ಈ ಗುಂಪುಗಳಲ್ಲಿಯೇ ಬರುತ್ತವೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ ಮೇರೆಗೆ, ವೈದ್ಯರ ದಾಖಲೆಯಲ್ಲಿ ಹೆಸರಿಲ್ಲದೆ ವೈದ್ಯವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ.

ಅದೇ ಕಾಯಿದೆಯ 32ನೆಯ ಕಲಮು ‘ಸಮುದಾಯ ಆರೋಗ್ಯ ಸೇವಕ’ರಿಗೆ ಸೀಮಿತ ಪರವಾನಿಗೆ ನೀಡಲು ಬಾಗಿಲು ತೆರೆದಿದೆ. ಪ್ರಾಥಮಿಕ ಹಾಗೂ ರೋಗನಿರೋಧಕ ಸೇವೆಯಲ್ಲಿ ಮಾತ್ರ ಗೊತ್ತುಪಡಿಸಿದ ಔಷಧಗಳನ್ನು ಅವರು ಸ್ವತಂತ್ರವಾಗಿ ಬರೆಯಬಹುದು. ಮಿಕ್ಕೆಡೆ ವೈದ್ಯರ ಮೇಲ್ವಿಚಾರಣೆ ಬೇಕು. ಅಂಥವರ ಸಂಖ್ಯೆ ವೈದ್ಯರ ಸಂಖ್ಯೆಯ ಮೂರನೆಯ ಒಂದಂಶವನ್ನು ಮೀರಬಾರದು. ಈ ಕಲಮನ್ನು ವಿರೋಧಿಸಿ 2019ರಲ್ಲಿ ವೈದ್ಯರು ದೇಶದಾದ್ಯಂತ ಮುಷ್ಕರ ಹೂಡಿದ್ದುಂಟು. ಅರೆಕಲಿತವರ ಕೈಗೆ ರೋಗಿಯನ್ನು ಒಪ್ಪಿಸಿದಂತಾಗುವುದೆಂಬ ಅವರ ಆತಂಕವನ್ನು ಪೂರ್ತಿ ಅಲ್ಲಗಳೆಯಲಾಗದು. ಆದರೆ ತೀವ್ರ ನಿಗಾ ಘಟಕದಲ್ಲಿ ವರ್ಷಗಟ್ಟಲೆ ದುಡಿದು, ಮೇಲೆ ಎರಡು ವರ್ಷ ಕಲಿತು ಬಂದವಳನ್ನು ಆ ಸಾಲಿಗೆ ಸೇರಿಸುವುದು ನ್ಯಾಯವೆನಿಸದು. 2005ರಷ್ಟು ಹಿಂದೆಯೇ ಸರಕಾರವು, ಹೆರಿಗೆಯ ಕಾಲದಲ್ಲಿ ನಂಜೇರಿದ ಬಸುರಿಗೆ ಮ್ಯಾಗ್ನೀಸಿಯಮ್ ಸಲ್ಫೇಟಿನ ಮೊದಲ ಚುಚ್ಚುಮದ್ದನ್ನು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಅಧಿಕಾರವನ್ನು ಹಳ್ಳಿಯ ದಾದಿಯರಿಗೆ ಕೊಟ್ಟಿತ್ತಲ್ಲವೆ? ಕೆಲಸವನ್ನೂ ಸಂದರ್ಭವನ್ನೂ ನಿಖರವಾಗಿ ಗೊತ್ತುಪಡಿಸಿದ್ದೇ ಅಲ್ಲಿನ ವಿಶೇಷ.

ತೊಡಕು ಹುಟ್ಟುವುದು ಹೆಚ್ಚಾಗಿ ಆಸ್ಪತ್ರೆಯ ಹೊರಗೆ. ಊರಿನಿಂದ ಬಂದು ಭಾಂಡುಪಿನ ಸೋದರಮಾವನ ಮನೆಯಲ್ಲಿ ಉಳಿದುಕೊಂಡ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ರಾತ್ರಿ ಹತ್ತಕ್ಕೆ ಪಕ್ಕದ ಮನೆಯವರು ಬಂದು, “ನಮ್ಮ ಮಾವನವರಿಗೆ ಜ್ವರ ಬಿಟ್ಟಿಲ್ಲ, ಒಂದು ಮಾತ್ರೆ ಬರೆದುಕೊಡಮ್ಮ” ಎನ್ನುತ್ತಾರೆ. ಇಲ್ಲವೆಂದರೆ ಸೊಕ್ಕು ಎನಿಸಿಕೊಳ್ಳಬೇಕು. ಆದರೆ ಹಗಲು ಆಸ್ಪತ್ರೆಯಲ್ಲಿ ಆಕೆಗಿದ್ದ ಅಧಿಕಾರ ಆ ಹೊಸಿಲಿನಾಚೆ ಬರುವುದಿಲ್ಲ. ಜ್ವರ ನೋಡಬಹುದು, ರಕ್ತದೊತ್ತಡ ಅಳೆಯಬಹುದು, ವೈದ್ಯರು ಬರೆದ ಮದ್ದನ್ನು ಕೊಡಬಹುದು, ಅಪಾಯದ ಚಿಹ್ನೆ ಕಂಡರೆ ಆಗಲೇ ಆಸ್ಪತ್ರೆಗೆ ಹೊರಡಿಸಬಹುದು. ತಾನೇ ಮದ್ದನ್ನು ಆಯ್ದು ಬರೆದರೆ ಅಲ್ಲಿಗೆ ವೈದ್ಯವೃತ್ತಿಯಾಯಿತು. ಮುಂಬಯಿಯ ಹೋಮಿಯೋಪತಿ ವೈದ್ಯರೊಬ್ಬರು ಜ್ವರದ ರೋಗಿಗೆ ಆಲೋಪತಿ ಔಷಧ ಕೊಟ್ಟು, ರೋಗಿ ತೀರಿಕೊಂಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ತನಗೆ ಅರ್ಹತೆಯಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಮಾಡಿದ್ದೇ ನಿರ್ಲಕ್ಷ್ಯವೆಂದು ತೀರ್ಪಿತ್ತಿತು. ಅವರೂ ನೋಂದಾಯಿತರೇ ಆಗಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು.

ಇದರ ಮಗ್ಗುಲಿಗೇ ಇನ್ನೊಂದು ಸಮಸ್ಯೆ ಇದೆ. ದಂಪತಿಗಳಿಬ್ಬರೂ ಬೆಳಿಗ್ಗೆ ಲೋಕಲ್ ಗಾಡಿ ಹಿಡಿಯುವ ಮನೆಗಳಲ್ಲಿ, ಹಾಸಿಗೆ ಹಿಡಿದ ಹಿರಿಯರ ಆರೈಕೆಗೆ ‘ಬ್ಯೂರೋ’ದ ಮೂಲಕ ದಾದಿಯನ್ನು ಗೊತ್ತುಮಾಡುವ ರೂಢಿಯಿದೆ. ಬಿಳಿ ಉಡುಪು ತೊಟ್ಟವರೆಲ್ಲರೂ ನೋಂದಾಯಿತರಲ್ಲ. ಮೈಯೊರೆಸಿ ಊಟ ಮಾಡಿಸಲು ಆಯಾ ಸಾಕು. ಇನ್ಸುಲಿನ್ ಚುಚ್ಚಲು, ಮೂತ್ರದ ನಳಿಗೆ ಬದಲಿಸಲು ಕಲಿತ ಕೈ ಬೇಕು. ಬ್ಯೂರೋದವರ ಬಾಯಿಮಾತನ್ನು ನಂಬದೆ ನೋಂದಣಿ ಪತ್ರವನ್ನೂ ಅದರ ನವೀಕರಣದ ತಾರೀಖನ್ನೂ ಕೇಳಿ ನೋಡುವುದರಲ್ಲಿ ಸಂಕೋಚವೇನೂ ಬೇಡ.

1947ರ ಕಾಯಿದೆಯ ಸ್ಥಾನದಲ್ಲಿ ಹೊಸ ವ್ಯವಸ್ಥೆಯನ್ನು ತರಲು ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ. ಕಾಯಿದೆಗಳ ಗತಿ ಏನೇ ಇರಲಿ, ಹೊಸದಾಗಿ ಕೆಲಸಕ್ಕೆ ಸೇರುವಾಕೆ ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಕೇಳಬೇಕಾದ ಪ್ರಶ್ನೆಗಳಿವೆ. ಸ್ಥಾಯೀ ಆದೇಶಗಳು ಲಿಖಿತವಾಗಿವೆಯೆ? ಅವುಗಳಿಗೆ ಸಹಿ ಹಾಕಿದ ವೈದ್ಯರು ಯಾರು? ರಾತ್ರಿ ಪಾಳಿಯಲ್ಲಿ ಸಂದೇಹ ಬಂದಾಗ ಯಾರನ್ನು ಕರೆಯಬೇಕು? ಮೊಕದ್ದಮೆಯಾದರೆ ಆಸ್ಪತ್ರೆಯ ವಿಮೆ ಆಕೆಯನ್ನೂ ಒಳಗೊಳ್ಳುವುದೆ? ಉತ್ತರಗಳು ಬಾಯಿಮಾತಿನಲ್ಲಿ ಬಂದರೆ ಬರಹದಲ್ಲಿ ಕೇಳಿ ಪಡೆದು, ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು.